ಎಡಗಣ್ಣಿನ ಬಣ್ಣ

ಬಂದವಳು ಗಿರಾಕಿಯಲ್ಲ, ಪರೀಕ್ಷೆ ಮಾಡಲು ಬಂದವಳು. ಕಾಲು ಗಂಟೆಯೊಳಗೆ ದೀಪಶ್ರೀಗೆ ಅದು ಖಾತ್ರಿಯಾಯಿತು.

ನರಸಿಂಹರಾಜಪುರದ ಬಸ್ ನಿಲ್ದಾಣದ ಹಿಂದೆ, ಟೈಲರ್ ಅಂಗಡಿಯ ಮಹಡಿಯಲ್ಲಿ ದೀಪಶ್ರೀಯ ಬ್ಯೂಟಿ ಪಾರ್ಲರ್. ಒಂದು ಕುರ್ಚಿ, ಒಂದು ಕನ್ನಡಿ. ಮುತ್ತಿನಕೊಪ್ಪದಲ್ಲಿ ಕೂಲಿಗೆ ಹೋಗುವ ಸೀತಕ್ಕನ ಮಗಳು ಅವಳು. ಆರು ತಿಂಗಳ ಕೋರ್ಸು ಮಾಡಿ, ಒಬ್ಬೊಬ್ಬ ಮದುಮಗಳಿಂದ ಒಂದೊಂದಿಷ್ಟು ಹೆಸರು ಗಳಿಸಿದ್ದಳು. ಕೊಪ್ಪ ಪೇಟೆಯಲ್ಲಿ ಗಾಜಿನ ಬಾಗಿಲಿನ ಹೊಸ ಪಾರ್ಲರ್ ತೆರೆದ ಮೇಲೆ ಆ ಹೆಸರಿಗೆ ಕುತ್ತು ಬಂದಿತ್ತು. ಇವಳಿಗೆ ಗೊತ್ತುಮಾಡಿದ್ದ ಮೂರು ಮದುವೆಯ ಕೆಲಸಗಳು ಅತ್ತ ಹಾರಿಹೋಗಿದ್ದವು.

ಈ ರಶ್ಮಿ ಎನ್ನುವವಳು ಬಂದದ್ದೂ ಕೊಪ್ಪದಿಂದಲೇ.

"ಅಲ್ಲೇ ದೊಡ್ಡ ಪಾರ್ಲರ್ ಇದೆಯಲ್ಲ, ಇಷ್ಟು ದೂರ ಎಂತಕ್ಕೆ ಬಂದ್ರಿ?"

"ಅಲ್ಲಿ ಎಲ್ಲರಿಗೂ ನನ್ನ ಪರಿಚಯ," ಎಂದಿದ್ದಳು ರಶ್ಮಿ. ಸಂಜೆ ಮೈದುನನ ನಿಶ್ಚಿತಾರ್ಥವಂತೆ. ಐದೂವರೆಗೆ ಗಂಡ ಕಾರು ತರುತ್ತಾನಂತೆ.

ಬಣ್ಣವನ್ನೂ ತಾನೇ ತಂದಿದ್ದಳು. ಅಂಗೈಯಗಲದ ಪೆಟ್ಟಿಗೆ, ಮುಚ್ಚಳದ ಮೇಲೆ ಚಿನ್ನದ ಬಣ್ಣದ ಎಲೆ. ಒಳಗೆ ಹನ್ನೆರಡು ಮನೆಗಳಲ್ಲಿ ರೆಪ್ಪೆಗೆ ಹಚ್ಚುವ ಐಶ್ಯಾಡೋ ಪುಡಿ: ತುಕ್ಕು, ಸುಟ್ಟ ಇಟ್ಟಿಗೆ, ಹಣ್ಣಾದ ಹಲಸಿನೆಲೆಯ ಹಳದಿ, ಬಾಡಿದ ಹಸಿರು, ನೇರಳೆ ಹಣ್ಣಿನ ಕಪ್ಪು. ಆಟಮ್ ಶೇಡ್ಸ್, ಎಲೆ ಉದುರುವ ಕಾಲದ ಬಣ್ಣಗಳು. ಫೋನಿನಲ್ಲಿ ನೋಡಿ ನೋಡಿ ಆಸೆಪಟ್ಟಿದ್ದ ಕಂಪನಿಯ ಪೆಟ್ಟಿಗೆ. ಮುಟ್ಟುವ ಭಾಗ್ಯ ದೀಪಶ್ರೀಗೆ ಸಿಕ್ಕಿದ್ದು ಇದೇ ಮೊದಲು.

"ಮನೆಯವರು ಮೊನ್ನೆ ತಂದುಕೊಟ್ರು," ಎಂದಳು ರಶ್ಮಿ. "ಪ್ರತಿ ಸಲ ಎಂತಾದ್ರೂ ತರ್ತಾರೆ."

ಪುಣ್ಯವಂತೆ, ಎಂದುಕೊಂಡಳು ದೀಪಶ್ರೀ.

ಆದರೆ ಸಂಶಯ ಹುಟ್ಟಿಸಿದ್ದು ಆ ಪೆಟ್ಟಿಗೆಯಲ್ಲ, ರಶ್ಮಿಯ ಎಡಗಣ್ಣು. ಅದಕ್ಕೆ ಆಗಲೇ ಬಣ್ಣ ಕೂತಿತ್ತು. ರೆಪ್ಪೆಯ ಮೇಲೆ ಗಾಢ ನೇರಳೆ, ಕಣ್ಣಿನ ಹೊರತುದಿಯಲ್ಲಿ ತುಕ್ಕು, ಕೆನ್ನೆಯ ಮೂಳೆಯತ್ತ ಇಳಿಯುತ್ತ ತೆಳು ಹಸಿರು, ಅಂಚಿಗೆ ಹಳದಿ. ಎಲ್ಲದರ ಮೇಲೆ ಹಗುರಾಗಿ ಮಿನುಗು ಪುಡಿ. ಈಚಿನ ಫ್ಯಾಷನ್ನು.

"ಬಲಗಣ್ಣಿಗೆ ಥೇಟ್ ಹೀಗೇ ಬರಬೇಕು. ಎಡದ್ದು ಮುಟ್ಟೋದು ಬೇಡ."

ಒಂದು ಕಣ್ಣು ಆ ಕೊಪ್ಪದ ಪಾರ್ಲರಿನಲ್ಲಿ ಮಾಡಿ ಕಳಿಸಿದ್ದಾರೆ, ಇನ್ನೊಂದು ಇವಳಿಗೆ ಬರುತ್ತದೋ ನೋಡೋಣ ಅಂತ. ದೀಪಶ್ರೀಯ ಕಿವಿ ಬಿಸಿಯಾಯಿತು. ಬ್ರಷ್ ಕೈಗೆತ್ತಿಕೊಂಡಳು.

ಮೊದಲನೆಯ ಸಲ ನೇರಳೆ ದಟ್ಟವಾಯಿತು. ಒರೆಸಿದಳು. ಎರಡನೆಯ ಸಲ ಹಳದಿ ಎದ್ದು ಕಂಡಿತು, ಅರಿಸಿನ ಬಳಿದ ಹಾಗೆ. ರಶ್ಮಿ ಕನ್ನಡಿ ನೋಡಿ ತಲೆಯಾಡಿಸಿದಳು. "ಇದಲ್ಲ." ಮೂರನೆಯ ಸಲ ಎಲ್ಲ ಬಣ್ಣಗಳೂ ಕಲಸಿ ಕೆಸರಾದವು. ಇಷ್ಟು ದುಬಾರಿ ಪುಡಿ ಬ್ರಷ್ಷಿನಿಂದ ಕೆನ್ನೆಗೆ ಉದುರುತ್ತಿತ್ತು, ರೆಪ್ಪೆಗೆ ಹತ್ತುತ್ತಿರಲಿಲ್ಲ. ಫ್ಯಾನ್ ಆರಿಸಿದಳು. ಸೆಕೆಗೆ ಹಣೆ ಬೆವರಿತು. ಬ್ರಷ್ ಎಸೆದು ಬೆರಳಿನಲ್ಲೇ ತೀಡಿದಳು.

ಆ ಎಡಗಣ್ಣು ಅವಳನ್ನೇ ಅಣಕಿಸುತ್ತಿತ್ತು. ಅದರಲ್ಲಿ ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸುವಂತಿರಲಿಲ್ಲ. ಬ್ರಷ್ಷಿನ ಒಂದು ಗೆರೆ ಇಲ್ಲ.

ಕೊನೆಗೆ ತಡೆಯಲಾಗಲಿಲ್ಲ. "ಯಾರು ಮಾಡಿದ್ದು ಮಾರಾಯ್ತಿ ಇದು?"

ರಶ್ಮಿ ಕನ್ನಡಿಯಿಂದ ಕಣ್ಣು ತೆಗೆದಳು. "ನಮ್ಮ ಮನೆಯವರೇ."

"ಗಂಡಸರಿಗೆ ಇದೆಲ್ಲ ಬರ್ತದಾ?"

"ಅವರ ಕೈ ಪಳಗಿದೆ."

ಸುಳ್ಳು! ಆ ಪಾರ್ಲರಿನವಳ ಹೆಸರು ಹೇಳಬಾರದೆಂದು ಗಂಡನನ್ನು ಮುಂದೆ ಮಾಡುತ್ತಾಳೆ. ದೀಪಶ್ರೀಗೆ ಅಳುವೇ ಬಂತು. ಈ ಸಲ ಸೋತರೆ ನಾಳೆ ಕೊಪ್ಪದಲ್ಲೆಲ್ಲ ನಗೆಪಾಟಲು. ಒದ್ದೆ ಹತ್ತಿಯಲ್ಲಿ ಬಲಗಣ್ಣನ್ನು ಪೂರ್ತಿ ತೊಳೆದಳು. ಮತ್ತೆ ಮೊದಲಿನಿಂದ ಹಿಡಿದಳು. ಈಗ ಪೆಟ್ಟಿಗೆಯನ್ನು ಮರೆತು ಎಡಗಣ್ಣನ್ನಷ್ಟೇ ನೋಡಿದಳು. ನೇರಳೆಯ ಅಡಿಗೆ ಚೂರು ಇಟ್ಟಿಗೆ ಬಣ್ಣ, ಹಸಿರಿಗೆ ಚೂರು ಬೂದಿ. ಉಸಿರು ಬಿಗಿಹಿಡಿದು ಅಂಚಿನ ಹಳದಿಯನ್ನು ಬೆರಳ ತುದಿಯಲ್ಲಿ ತಟ್ಟಿದಳು. ಮೇಲೆ ಮಿನುಗು.

ರಶ್ಮಿ ಕನ್ನಡಿಯತ್ತ ಬಾಗಿದಳು. ಬಂದಾಗಿನಿಂದ ಮೊದಲ ಬಾರಿ ಅವಳ ಭುಜ ಸಡಿಲವಾಯಿತು.

"ಎರಡೂ ಒಂದೇ ಥರ ಕಾಣ್ತದೆ ಅಲ್ವಾ? ಯಾರಿಗೂ ಗೊತ್ತಾಗಲ್ಲ ಅಲ್ವಾ?"

"ನಿಮ್ಮ ಅತ್ತೆಗೂ ಗೊತ್ತಾಗಲ್ಲ," ಎಂದಳು ದೀಪಶ್ರೀ, ಗೆದ್ದ ಖುಷಿಯಲ್ಲಿ.

"ಅತ್ತೆಗೆ ಗೊತ್ತು," ಎಂದಳು ರಶ್ಮಿ.

ಕೆಳಗೆ ಕಾರಿನ ಹಾರ್ನ್ ಕೇಳಿತು. ರಶ್ಮಿ ಗಡಬಡಿಸಿ ಎದ್ದಳು. ಆಗಲೇ ದೀಪಶ್ರೀಯ ಕಣ್ಣಿಗೆ ಆ ತಪ್ಪು ಬಿತ್ತು. ಎಡಗಣ್ಣಿನ ಕೆಳಗೆ ಒಂದು ಕಡೆ ಪುಡಿ ಗಂಟುಕಟ್ಟಿತ್ತು. ಕಡೆಗೂ ಒಂದು ಕುಂದು ಸಿಕ್ಕಿತಲ್ಲ! "ಒಂದೇ ನಿಮಿಷ," ಎಂದವಳೇ, ರಶ್ಮಿ ಬೇಡವೆನ್ನುವಷ್ಟರಲ್ಲಿ, ಒದ್ದೆ ಹತ್ತಿಯನ್ನು ಅಲ್ಲಿಗೆ ಒತ್ತಿ ಒರೆಸಿಬಿಟ್ಟಳು.

"ಅಮ್ಮಾ!"

ರಶ್ಮಿ ಕುರ್ಚಿಯ ಕೈ ಹಿಡಿದು ಕುಸಿದಳು. ದೀಪಶ್ರೀ ಹತ್ತಿಯನ್ನು ನೋಡಿದಳು. ರಶ್ಮಿಯ ಮುಖ ನೋಡಿದಳು. ಕೆಳಗೆ ಹಾರ್ನ್ ಮತ್ತೆ ಕೂಗಿತು, ಈ ಸಲ ಉದ್ದಕ್ಕೆ. ದೀಪಶ್ರೀ ಹೋಗಿ ಬಾಗಿಲಿನ ಚಿಲಕ ಹಾಕಿ ಬಂದಳು.

ಹತ್ತಿಗೆ ಅಂಟಿದ್ದು ಬರೀ ಮಿನುಗು ಪುಡಿ. ಬಣ್ಣ ಇದ್ದದ್ದು ಚರ್ಮದ ಒಳಗೆ.