ಶಾಂತಯ್ಯನ ಕಾವಲು

"ಕಾಕಾರ, ಐದ ನಿಮಿಷ ಕಂಪ್ಯೂಟರ್ ನೋಡಿ ಹೋಗ್ತೇನ್ರಿ."

ಪ್ರಸಾದ ಚಪ್ಪಲಿ ಕಳಚುವ ಮೊದಲೇ ಶಾಂತಯ್ಯ ಬಾಗಿಲಿಗೆ ಕೈ ಅಡ್ಡ ಇಟ್ಟ. "ಕೆಟ್ಟಿಲ್ಲಲಾ? ಕೆಟ್ಟಾಗ ಹೇಳಿ ಕಳಸ್ತೇನಿ."

ಹೋದ ವಾರ ಮೌಸ್ ಸರಿಮಾಡಿ ಹೋದಾಗಿನಿಂದ ಅವನು ಹೀಗೆ ಬರುತ್ತಿರುವುದು ಇದು ಮೂರನೇ ಸಲ. ಕಂಪ್ಯೂಟರ್ ಜೋಡಿಸಿಕೊಟ್ಟವನು ಇವನೇ, ನಿಜ. ಆದರೆ ಮನೆಯಲ್ಲಿ ಹದಿಮೂರರ ಮಗಳಿದ್ದಾಳೆ. ಇಪ್ಪತ್ತೆರಡರ ಹುಡುಗನಿಗೆ ಇಲ್ಲಿ ಅಂಥದ್ದೇನು ಕೆಲಸ?

"ಹಂಗಾರ ಅದನ್ನ ಪಡಸಾಲಿಗೆ ತಂದಿಡ್ರಿ. ಒಳಗಿನ ಖೋಲಿ ಬ್ಯಾಡ."

"ಯಾಕಪಾ? ಹೋಗೋ ಬರೋ ಮಂದಿ ಎಲ್ಲಾ ನನ್ನ ಮಗಳನ್ನ ನೋಡ್ಲೆಂತ?"

ಪ್ರಸಾದ ಏನೋ ಹೇಳಹೋಗಿ, ನಾಚಿ, ತಲೆ ತಗ್ಗಿಸಿ ನಡೆದ. ಕಳ್ಳನ ಮೋರೆ, ಎಂದುಕೊಂಡ ಶಾಂತಯ್ಯ.

ಗೋಕುಲ ರಸ್ತೆಯ ಸೈಬರ್ ಕೆಫೆಯಲ್ಲಿ ಪರದೆ ಕಟ್ಟಿದ ಗೂಡುಗಳನ್ನು ಕಂಡ ದಿನವೇ ಅವನು ಮಗಳನ್ನು ಅಲ್ಲಿಗೆ ಕಳಿಸುವುದು ಬಿಟ್ಟಿದ್ದ. ಮನೆಗೇ ಕಂಪ್ಯೂಟರ್ ತಂದ. ಅಭ್ಯಾಸಕ್ಕೆ ಯಾರೂ ಅಡ್ಡಿಯಾಗಬಾರದೆಂದು ಒಳಕೋಣೆಗೆ ತಾನೇ ಚಿಲಕ ಹಾಕಿಸಿದ. ಹಗಲೆಲ್ಲ ಅಮರಗೋಳ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ದುಡಿದು ಬಂದವನು, ಸಂಜೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತನೆಂದರೆ ಎಂಟರವರೆಗೆ ಏಳುತ್ತಿರಲಿಲ್ಲ.

"ನಿಮ್ಮ ಅಪ್ಪಣೆ ಇಲ್ದ ನೊಣಾನೂ ಒಳಗ ಬರೂದಿಲ್ರಿ," ಎಂದು ಹೆಂಡತಿ ಚನ್ನಬಸವ್ವ ನಗುತ್ತಿದ್ದಳು.

ಒಳಗೆ ಮಗಳು ರಜನಿ ಜಯಾಳ ಜೊತೆ ಮಾತಿಗೆ ಕೂತಿರುತ್ತಿದ್ದಳು. ಜಯಾ ಧಾರವಾಡದವಳು, ಎಂಟನೇ ಇಯತ್ತೆ, ಕಂಪ್ಯೂಟರಿನಲ್ಲೇ ಆದ ಗೆಳತಿ. ಹೆಣ್ಣುಹುಡುಗಿ, ಶಾಂತಯ್ಯನಿಗೆ ಅದರ ಚಿಂತೆಯಿರಲಿಲ್ಲ. ಚಿಂತೆಯೆಲ್ಲ ಮಗಳ ಊಟದ್ದು. ಎರಡು ವಾರದಿಂದ ಅನ್ನ ಕಲಸಿಟ್ಟು ಏಳುತ್ತಿದ್ದಳು. ಸಾಲಿ ದಾರಿಯಲ್ಲಿ ಆ ಪ್ರಸಾದ ಏನಾದರೂ ಅಂದನೋ?

ಅವತ್ತು ಸಂಜೆ ರಜನಿ ನೀರಿಗೆಂದು ಅಡುಗೆಮನೆಗೆ ಹೋದಳು. ಕೋಣೆಯ ಬಾಗಿಲು ತೆರೆದೇ ಇತ್ತು. ಜಯಾಳನ್ನೇ ಕೇಳಿದರಾಯಿತು ಎನಿಸಿತು ಶಾಂತಯ್ಯನಿಗೆ. ಅಪ್ಪನಿಗೆ ಹೇಳದ್ದನ್ನು ಗೆಳತಿಗೆ ಹೇಳಿರುತ್ತಾಳೆ. ಅಲ್ಲದೆ ಮೂರು ತಿಂಗಳಿಂದ ದಿನವೂ ಮನೆಗೆ ಬಂದಂತೆಯೇ ಇರುವ ಕೂಸು. 'ಛಲೋ ಇದ್ದೀಯೇನವಾ' ಎಂದು ಒಮ್ಮೆಯೂ ವಿಚಾರಿಸಿಲ್ಲ. ಬಂದವರನ್ನು ಮಾತಾಡಿಸದೆ ಕಳಿಸುವ ಮನೆತನವೇ ತಮ್ಮದು?

ಎದ್ದು ಒಳಹೋಗಿ, ಕಂಪ್ಯೂಟರಿನ ಹೆಡ್‌ಫೋನ್ ಎತ್ತಿ ಕಿವಿಗೆ ಏರಿಸಿದ.

"ಅಪ್ಪಾ, ಬ್ಯಾಡ!" ಬಾಗಿಲಲ್ಲಿ ರಜನಿ. ಕೈಯ ತಂಬಿಗೆ ನೆಲಕ್ಕೆ ಬಿತ್ತು.

ಕಿವಿಯಲ್ಲಿ ಶಾಂತಯ್ಯನಷ್ಟೇ ವಯಸ್ಸಿನ ಗಂಡಸಿನ ದನಿ, ಮೆಲ್ಲಗೆ: "ಬಂದ್ಯಾ? ಅಂಜಬ್ಯಾಡ. ನಿಮ್ಮಪ್ಪ ಹೊರಗ ಕುಂತಾನಲ್ಲಾ, ಯಾರನ್ನೂ ಒಳಗ ಬಿಡೂದಿಲ್ಲ."