ಶುಕ್ರವಾರದ ಉಗುರು

ಜೋಗುಳದ ಅದೇ ಜಾಗದಲ್ಲಿ ವನಿತಾ ಬೆರಳು ಒತ್ತಿದಾಗ ಗಿಟಾರ್ ತಂತಿ ಮತ್ತೆ ಗರ್ ಅಂದಿತು. ಹೊದಿಕೆಯ ಮೇಲೆ ತಾಳ ಹಾಕುತ್ತಿದ್ದ ಮಾವನ ಬೆರಳು ನಿಂತುಬಿಟ್ಟಿತು. ಸ್ಟ್ರೋಕ್ ಆಗಿ ಮಾತು ಹೋದಾಗಿನಿಂದ ಮಾವ ಚಲುವರಾಜು ಇವತ್ತಿನವರೆಗೆ ಯಾವುದಕ್ಕೂ ಓಗೊಟ್ಟಿರಲಿಲ್ಲ. ಅವರು ಹಿಂದೆ ಗುನುಗುತ್ತಿದ್ದ ಜೋಗುಳವನ್ನೇ ಸೊಸೆ ಒಂದೊಂದೇ ತಂತಿ ಮೀಟಿ ನಿಧಾನವಾಗಿ ಕಲಿಯುತ್ತಿದ್ದಳು.

“ಅಯ್ಯೋ, ನಿಲ್ಲಿಸ್ಬಿಟ್ರಲ್ಲೇ! ಏನಾಯ್ತು ನಿನ್ ಗಿಟಾರ್‌ಗೆ?” ಅತ್ತೆ ರುದ್ರಮ್ಮ ಬಾಗಿಲಲ್ಲೇ ನಿಂತು ಕೇಳಿದರು.

“ಎಡಗೈ ಉಗುರು ಬೆಳೆದಿದೆ ಅತ್ತೆ, ತಂತಿ ಒತ್ತಕ್ಕಾಗ್ತಿಲ್ಲ. ಇವತ್ತು ಶುಕ್ರವಾರ ಅಲ್ವಾ, ನಾಳೆ ತೆಗೀತೀನಿ.”

ಶುಕ್ರವಾರ ಆ ಮನೆಯಲ್ಲಿ ಉಗುರು ತೆಗೆಯುವಂತಿರಲಿಲ್ಲ. ದೀಪ ಹಚ್ಚಿದ ಮೇಲಂತೂ ಆ ಮಾತೇ ಎತ್ತುವಂತಿರಲಿಲ್ಲ. ಕಟ್ಟಳೆ ರುದ್ರಮ್ಮನದೇ. ಅವರು ಉರಿಯುತ್ತಿದ್ದ ದೀಪವನ್ನೊಮ್ಮೆ, ಗಂಡನ ಬೆರಳನ್ನೊಮ್ಮೆ ನೋಡಿದರು. ಒಳಗಿಂದ ನೇಲ್ ಕಟರ್ ತಂದು, ಸೊಸೆಯ ಎಡಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

“ಅತ್ತೆ, ದೀಪ ಹಚ್ಚಿದೆ...”

“ತಾಯಿ ಬನಶಂಕರಮ್ಮಂಗೆ ನಾನ್ ಹೇಳ್ಕೋತೀನಿ. ನೀನು ಅಲ್ಲಾಡ್ಬೇಡ, ಚರ್ಮ ಸಿಕ್ಕೀತು.”

ವನಿತಾ ಮೊದಲಿಂದ ನುಡಿಸಿದಳು. ಮಾವನ ಬೆರಳು ಮತ್ತೆ ತಾಳ ಹಿಡಿಯಿತು. ಉಗುರಿನ ಚೂರುಗಳನ್ನು ಮುಷ್ಟಿಯಲ್ಲೇ ಇಟ್ಟುಕೊಂಡು ರುದ್ರಮ್ಮ ಆ ಬೆರಳನ್ನೇ ನೋಡುತ್ತಿದ್ದರು. ಗರ್ ಅಂದಿದ್ದ ಆ ಜಾಗ ಬಂತು, ತಂತಿ ತಿಳಿಯಾಗಿ ನುಡಿಯಿತು, ಬೆರಳು ನಿಲ್ಲಲಿಲ್ಲ.