ಊರು ಹಿಡಿದು ನಿಂತವನು

ಊರುಗಳು ನೆಲ ಬಿಟ್ಟು ನೀರಿನ ಮೇಲೆ ತೇಲತೊಡಗಿ ಹನ್ನೆರಡು ವರ್ಷವಾಗಿತ್ತು. ಗಂಡನ ಸಮಾಧಿಗೆ ದೀಪ ಹಚ್ಚಲು ಬಿಡದೆ ಮೈದುನ ಚನವೀರ ಹಿತ್ತಲಿಗೆ ಬೇಲಿ ಹಾಕಿದ ಮೇಲೆ, ನೀಲವ್ವ ಮೂರು ಜಿಲ್ಲೆಗಳಲ್ಲಿ ದಾವೆ ಹೂಡಿದ್ದಳು. ಪ್ರತಿಸಲವೂ ತೀರ್ಪಿಗೆ ಮೊದಲೇ ಊರು ಗಡಿ ದಾಟಿಬಿಡುತ್ತಿತ್ತು.

ಇಂದೂ ಕೋರ್ಟಿನ ಗುಮಾಸ್ತ ಕಿಟಕಿಯಿಂದ ಹಣಿಕಿದ. “ಯವ್ವಾ, ಹಿತ್ತಲ ಎಲ್ಲೈತೋ ಅಲ್ಲಿನ ಕೋರ್ಟೇ ತೀರ್ಪು ಹೇಳಬೇಕು. ನಿಮ್ಮೂರು ಮತ್ತ ಗಡಿ ದಾಟಾಕ ಹತ್ತೈತಿ ನೋಡು.”

ನೀಲವ್ವ ದಂಡೆಗೆ ಓಡಿದಳು. ಊರು ನಿಂತಿತ್ತು. ಅದರ ಹಗ್ಗವನ್ನು ಆಲದ ಬುಡಕ್ಕೆ ಸುತ್ತಿ, ಬೆವರುತ್ತ ಜಗ್ಗಿ ಹಿಡಿದವನು ಚನವೀರ.

“ಇಷ್ಟು ಕಳಕಳಿ ಇದ್ರ ಬೇಲಿ ಕಿತ್ತೊಗಿಯೋ!”

“ಅದಾಗಂಗಿಲ್ಲ. ಕೋರ್ಟು ಹೇಳಿದ್ರ ಕೀಳ್ತೀನಿ. ಲಗೂ ಹೋಗ್ರಿ ವೈನಿ, ಕೈ ಸೋಲಾಕ ಹತ್ಯಾವ.”